‘ಸ್ಟಾರ್ಟ್’ ಅಂದರೆ ಎದ್ದು ಹೊರಡುತ್ತಿದ್ದ ಟೈಪಿಂಗ್ ಮಿಸ್

ಮಿಸ್ ತೀರಿಕೊಂಡ ಸುದ್ದಿಯನ್ನು ಫೋನಿನಲ್ಲಿ ತಿಳಿಸಿದವಳು ವಿಮಲ. ನಾವಿಬ್ಬರೂ ಅವರ ಹತ್ತಿರ ಒಂದೇ ಬ್ಯಾಚಿನಲ್ಲಿ ಟೈಪಿಂಗ್ ಕಲಿತವರು. ಆ ವಿದ್ಯೆಯ ಅನ್ನವನ್ನೇ ಉಂಡು, ಸರ್ಕಾರಿ ಕಚೇರಿಗಳಲ್ಲಿ ಬೆರಳು ಸವೆಸಿ, ಈಗ ಇಬ್ಬರೂ ಮನೆಯಲ್ಲಿ ಕೂತಿದ್ದೇವೆ. ಸ್ವಲ್ಪ ಹೊತ್ತು ಫೋನಿನ ಆ ಕಡೆ ಅವಳು ಅತ್ತಳು, ಈ ಕಡೆ ನಾನು ಅತ್ತೆ. ತುಂಬು ಬಾಳು ಬಾಳಿದರು, ನಿದ್ದೆಯಲ್ಲೇ ಹೋದರಂತೆ, ಪುಣ್ಯವಂತೆ ಎಂದು ಹೇಳಬೇಕಾದ್ದನ್ನೆಲ್ಲ ಹೇಳಿಕೊಂಡೆವು. ಆಮೇಲೆ ವಿಮಲ ಮೂಗು ಒರೆಸಿಕೊಂಡು, "ಮೇಲೆ ಹೋದ ತಕ್ಷಣ ಯಾರಾದ್ರೂ ‘ಸ್ಟಾರ್ಟ್’ ಅಂದುಬಿಟ್ರೆ ಏನೇ ಗತಿ? ಎದ್ದು ವಾಪಸ್ ಬಂದುಬಿಡ್ತಾರೆ," ಅಂದಳು. ಅಲ್ಲಿಗೆ ಅಳು ಮುಗಿಯಿತು. ನಾನು ನಗುವ ರಭಸಕ್ಕೆ ಸೊಸೆ ಅಡುಗೆಮನೆಯಿಂದ ಬಂದು, "ಅತ್ತೆ, ಯಾರೋ ಹೋಗ್ಬಿಟ್ರು ಅಂದ್ರಲ್ಲ?" ಎಂದು ಕೇಳಿದಳು. ಹೌದಮ್ಮ, ಹೋದವರು ಅಂಥವರು ಎಂದೆ. ಅವಳಿಗೆ ಏನೂ ಅರ್ಥವಾಗಲಿಲ್ಲ. ಅವಳಿಗೋಸ್ಕರವೇ ಇದನ್ನು ಬರೆಯುತ್ತಿದ್ದೇನೆ ಅಂದುಕೊಳ್ಳಿ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಜಯನಗರ ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿನ ಹಿಂದೆ ಒಂದು ಅಡ್ಡರಸ್ತೆ. ಆ ರಸ್ತೆಯಲ್ಲೊಂದು ಹಿಟ್ಟಿನ ಗಿರಣಿ. ಗಿರಣಿಯ ಮೇಲಿನ ಮಹಡಿಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟು, ಅದರ ಹಿಂದಿನ ಎರಡು ಕೋಣೆಗಳಲ್ಲಿ ಮಿಸ್ ಮತ್ತು ಅವರ ಗಂಡನ ಸಂಸಾರ. ಕೆಳಗೆ ರಾಗಿ ಬೀಸುವ ಸದ್ದು, ಮೇಲೆ ಮೆಷಿನ್ನುಗಳ ಟಕಟಕ. ಎರಡರ ನಡುವೆ ಕಿವಿ ಇದ್ದವರೂ ಕಿವುಡರಾಗುತ್ತಿದ್ದರು. ಮಿಸ್ ದನಿ ಮಾತ್ರ ಎರಡನ್ನೂ ಸೀಳಿಕೊಂಡು ಬರುತ್ತಿತ್ತು.

ಮಿಸ್ ಅಂದರೆ ಮಿಸ್ಸೇನಲ್ಲ. ಕಾಲುಂಗುರ, ಮಾಂಗಲ್ಯ, ಹಣೆತುಂಬ ಕುಂಕುಮ ಇದ್ದ, ನಲವತ್ತು ದಾಟಿದ ಗೃಹಿಣಿ. ಯಾವ ಕಾಲದಲ್ಲಿ ಯಾವ ಹುಡುಗಿ ಹಾಗೆ ಕರೆದಳೋ, ಅದೇ ನಿಂತುಬಿಟ್ಟಿತ್ತು. ಗಿರಣಿಯವನು, ಸೊಪ್ಪಿನವಳು, ಪೋಸ್ಟ್‌ಮ್ಯಾನು, ಎಲ್ಲರಿಗೂ ಅವರು ಮಿಸ್ಸೇ. ದಪ್ಪ ತುರುಬು, ಅದರ ತುಂಬ ಹೇರ್‌ಪಿನ್ನು, ಕೈಯಲ್ಲಿ ಚಪಾತಿ ಲಟ್ಟಣಿಗೆ. ಆ ಲಟ್ಟಣಿಗೆಯಿಂದ ಮೇಜಿನ ಅಂಚಿಗೆ ತಾಳ ಹಾಕುತ್ತಿದ್ದರು, ನಾವು ಆ ತಾಳಕ್ಕೆ ಸರಿಯಾಗಿ ಕೀಲಿ ಒತ್ತಬೇಕು. ಬೆನ್ನು ಬಗ್ಗಿದರೆ ಲಟ್ಟಣಿಗೆಯ ತುದಿ ಮೆಲ್ಲಗೆ ಬೆನ್ನಿಗೆ ತಾಗುತ್ತಿತ್ತು. ಸಂಜೆ ಅದೇ ಲಟ್ಟಣಿಗೆಯಲ್ಲಿ ಚಪಾತಿ ಮಾಡುತ್ತಿದ್ದರು ಎಂಬುದೂ ನಿಜ.

ನನ್ನನ್ನು ಅಲ್ಲಿಗೆ ಸೇರಿಸಿದ್ದು ನಮ್ಮಜ್ಜಿ. ನಮ್ಮ ಮನೆ ಸಾರಕ್ಕಿಯಲ್ಲಿತ್ತು. ಆಗ ಪಕ್ಕದ ಜೆ.ಪಿ. ನಗರ ಅಂದರೆ ಕಲ್ಲು ನೆಟ್ಟ ಸೈಟುಗಳು, ಅವುಗಳ ನಡುವೆ ಮೇಯುವ ಎಮ್ಮೆಗಳು, ಅಷ್ಟೇ. ನಾನು ಓದಿನಲ್ಲಿ ದಡ್ಡಿಯಲ್ಲ. ಆದರೆ ಪ್ರಶ್ನೆಪತ್ರಿಕೆ ಕೈಗೆ ಬಂತು ಅಂದರೆ ಓದಿದ್ದೆಲ್ಲ ಎದ್ದು ಹೋಗುತ್ತಿತ್ತು. ಎಸ್ಸೆಸ್ಸೆಲ್ಸಿ ಲೆಕ್ಕದ ಪರೀಕ್ಷೆಯಲ್ಲಿ ಬೆವರಿಗೆ ಉತ್ತರಪತ್ರಿಕೆಯ ಮಸಿಯೇ ಕದಡಿಹೋಗಿ, ಒಂದು ಸಲ ಡುಮ್ಕಿ ಹೊಡೆದು, ಎರಡನೇ ಸಲ ಹೇಗೋ ದಾಟಿಕೊಂಡಿದ್ದೆ. ಅಜ್ಜಿ ಇದಕ್ಕಾಗಿ ಬನಶಂಕರಿ ಗುಡಿಯಲ್ಲಿ ಮಂಗಳವಾರ ಮಂಗಳವಾರ ನಿಂಬೆಹಣ್ಣಿನ ದೀಪ ಹಚ್ಚಿದ್ದಳು, ಮಠದಿಂದ ದಾರ ತಂದು ಕಟ್ಟಿದ್ದಳು. ಕೊನೆಗೆ ಇನ್‌ಸ್ಟಿಟ್ಯೂಟಿನ ಮೆಟ್ಟಿಲು ಹತ್ತಿಸಿದಳು.

"ಇವಳಿಗೆ ಪರೀಕ್ಷೆ ಅಂದ್ರೆ ಪ್ರಾಣ ಹೋಗುತ್ತೆ ಕಣಮ್ಮ. ಏನ್ ಮಾಡ್ತೀಯೋ ನೋಡು," ಅಂದಳು ಅಜ್ಜಿ.

ಮಿಸ್ ನನ್ನನ್ನು ಡಾಕ್ಟರು ನೋಡುವಂತೆ ನೋಡಿದರು. "ಎಲ್ಲಿ ಬರುತ್ತೆ ಭಯ? ಹೊಟ್ಟೇಲಾ, ತಲೇಲಾ, ಕೈಲಾ?"

ಆವರೆಗೆ ಯಾರೂ ನನಗೆ ಹಾಗೆ ಕೇಳಿರಲಿಲ್ಲ. ಹೆದರಬೇಡ ಅಂತ ಹೇಳಿದವರೇ ಎಲ್ಲ. ಯೋಚನೆ ಮಾಡಿ ಹೇಳಿದೆ, "ಕೈಲಿ, ಮಿಸ್. ಬೆವರುತ್ತೆ, ನಡುಗುತ್ತೆ."

"ಒಳ್ಳೇದಾಯ್ತು. ಹಾಗಾದ್ರೆ ಕೈಗೇ ಪಾಠ ಹೇಳೋಣ. ತಲೇನ ದಿನಾ ಮನೇಲೇ ಬಿಟ್ಟು ಬಾ."

ಅವರ ವೈದ್ಯವೆಲ್ಲ ಇದೇ ಬಗೆಯದು. ಭಯ ಹೊಟ್ಟೆಯಲ್ಲಿ ಬರುವವರಿಗೆ ಪ್ರತಿದಿನ ಅದೇ ಹೊತ್ತಿಗೆ ಅದೇ ತಿಂಡಿ ತಿಂದು ಬರಲು ಹೇಳುತ್ತಿದ್ದರು. ತಲೆಯಲ್ಲಿ ಬರುವ ವಿಮಲಳಿಗೆ ಟೈಪ್ ಮಾಡುತ್ತಲೇ ಮಗ್ಗಿ ಹೇಳಲು ಹೇಳಿದ್ದರು, ತಲೆಗೆ ಬೇರೆ ಕೆಲಸ ಸಿಕ್ಕಿದರೆ ಸುಮ್ಮನಿರುತ್ತದೆ ಅಂತ. ಕೈಯವಳಾದ ನನಗೆ ಸಿಕ್ಕಿದ್ದು ಹಳೇ ಟವೆಲ್ಲು. ಅದನ್ನು ಕೀಲಿಗಳ ಮೇಲೆ ಹೊದಿಸಿ, ಒಳಗೆ ಕೈ ತೂರಿಸಿ, ಎ ಎಸ್ ಡಿ ಎಫ್ ಎಂದು ವಾರಗಟ್ಟಲೆ ಅದೇ ಸಾಲು ಹೊಡೆಸಿದರು. ನನಗೆ ಅಳು ಬರುತ್ತಿತ್ತು. "ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ. ನೀನು ಯಾವುದು ಮಾಡ್ತೀಯ, ನೀನೇ ನೋಡ್ಕೋ," ಅನ್ನುತ್ತಿದ್ದರು.

ಅವರ ಕೆಲವು ಕಟ್ಟಳೆಗಳಿದ್ದವು. ದಿನಾ ಬರಬೇಕು, ದಿನಾ ಅದೇ ಹೊತ್ತಿಗೆ ಬರಬೇಕು. ಒಂದು ದಿನ ಮೂರು ಗಂಟೆ ಬಡಿದು ನಾಲ್ಕು ದಿನ ಮಲಗುವವರನ್ನು ಕಂಡರೆ ಅವರಿಗೆ ಆಗದು. ಪರೀಕ್ಷೆ ಹತ್ತಿರ ಬಂದಾಗ ಓಡೋಡಿ ಬರುವವರಿಗೆ, "ಬನ್ನಿ ಬನ್ನಿ, ಯುದ್ಧಕಾಲೇ ಶಸ್ತ್ರಾಭ್ಯಾಸ," ಎಂದು ಆರತಿ ಎತ್ತುವ ಹಾಗೆ ಲಟ್ಟಣಿಗೆ ತಿರುಗಿಸುತ್ತಿದ್ದರು. ತಪ್ಪು ಬಿದ್ದ ಅಕ್ಷರವನ್ನು ತಿರುಗಿ ನೋಡುವಂತಿಲ್ಲ. ಒಂದೇ ಮೆಷಿನ್ನಿಗೆ ಒಗ್ಗಿಕೊಳ್ಳುವಂತಿಲ್ಲ, ವಾರವಾರ ಬದಲಾಗಬೇಕು. ಮೆಷಿನ್ನುಗಳಿಗೆ ಹೆಸರಿದ್ದವು. ಹೊಸತಕ್ಕೆ ಸುಂದರಿ, ಗಟ್ಟಿಯಾಗಿ ಒತ್ತಿದರೆ ಮಾತ್ರ ಏಳುವುದಕ್ಕೆ ಮೊಂಡ, ಸಾಲಿನ ಕೊನೆಯ ಗಂಟೆ ಸರಿಯಾಗಿ ಬಾರಿಸದೆ ಗೊರ್ ಅನ್ನುವುದಕ್ಕೆ ಗೊರಕೆ. ಸುಂದರಿ ಸಿಕ್ಕ ವಾರ ಹುಡುಗಿಯರು ಹೂ ಮುಡಿದು ಬರುತ್ತಿದ್ದರು. ಗೊರಕೆ ಸಿಕ್ಕ ವಾರ ಒಬ್ಬೊಬ್ಬರಿಗೂ ಜ್ವರ. ಶನಿವಾರ ಎಲ್ಲರೂ ಅವರವರ ಮೆಷಿನ್ನಿನ ಹೊಟ್ಟೆ ಬಿಚ್ಚಿ, ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಧೂಳು ತೆಗೆದು, ಸಂದಿಯಲ್ಲಿ ಸಿಕ್ಕಿಕೊಂಡ ರಾಗಿಹಿಟ್ಟನ್ನು ಹೇರ್‌ಪಿನ್ನಿನಿಂದ ಕೆದಕಬೇಕು. ಗಿರಣಿಯ ಮೇಲಿದ್ದುದರಿಂದ ನಮ್ಮ ಮೆಷಿನ್ನುಗಳು ರಾಗಿ ತಿಂದು ಬೆಳೆದವು.

ಪರೀಕ್ಷೆಗೆ ಹದಿನೈದು ದಿನ ಮುಂಚೆ ಒಂದು ತಾಲೀಮು ಪರೀಕ್ಷೆ. ಅದಕ್ಕೆ ಮಿಸ್ ಇಟ್ಟ ಹೆಸರು ನಿಶ್ಚಿತಾರ್ಥ. ಪರೀಕ್ಷೆಯ ದಿನ ಉಡುವ ಸೀರೆಯನ್ನೇ ಉಟ್ಟು, ಅಂದು ತರುವ ಪೆನ್ಸಿಲ್ಲನ್ನೇ ತಂದು, ನಿಜವಾದ ಪರೀಕ್ಷೆಯ ಹಾಗೆ ಬೆಳಗ್ಗೆಯೇ ಬರಬೇಕು. ಮೇಲ್ವಿಚಾರಕರಾಗಿ ಪಕ್ಕದ ಮನೆಯ ಗಾರ್ಡ್ ತಾತ ಬರುತ್ತಿದ್ದರು. ಅವರು ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಹಳೇ ಕರಿ ಕೋಟು ಹಾಕಿಕೊಂಡು, ಮೀಸೆ ತೀಡಿಕೊಂಡು, ನಮ್ಮ ಬೆನ್ನ ಹಿಂದೆ ಬಂದು ಸುಮ್ಮನೆ ನಿಲ್ಲುತ್ತಿದ್ದರು. ಅವರಿಗೆ ಆ ಕೆಲಸ ಎಷ್ಟು ಇಷ್ಟವೆಂದರೆ, ಶುರುವಾಗುವಾಗ ‘ಸ್ಟಾರ್ಟ್’ ಎಂದು ಹೇಳಿ ರೈಲು ಬಿಡುವ ಸೀಟಿಯನ್ನೂ ಊದುತ್ತಿದ್ದರು. ನಡುವೆ ಮಿಸ್ ಬೇಕೆಂದೇ ತಟ್ಟೆ ಬೀಳಿಸುವರು, ರೇಡಿಯೋ ಹಾಕುವರು, "ಅಯ್ಯೋ ಹಾಲುಕ್ಕಿತು," ಎಂದು ಕೂಗುವರು. ತಲೆ ಎತ್ತಿದವರು ಸೋತ ಹಾಗೆ. ಭಯದ ವಿಷಯದಲ್ಲಿ ಅವರ ಮಾತು ಒಂದೇ: "ಭಯ ನೆಂಟರಿದ್ದ ಹಾಗೆ. ಬರಬೇಡಿ ಅನ್ನೋಕಾಗುತ್ತಾ? ಬರ್ಲಿ, ಒಂದು ಕಡೆ ಕೂತ್ಕೊಳ್ಲಿ. ನಾವು ನಮ್ಮ ಒಲೆ ಕೆಲ್ಸ ಬಿಡಬಾರದು, ಅಷ್ಟೇ."

ಟೈಪಿಂಗಿನ ಮೊದಲ ಮೆಟ್ಟಿಲಾದ ಜೂನಿಯರ್ ಪರೀಕ್ಷೆಗೆ ಹೋದಾಗ ನನಗೆ ಭಯ ಬಂತು. ಬರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಕೈ ಬೆವರಿತು. ಆದರೆ ಬೆರಳುಗಳು ಅವುಗಳ ಪಾಡಿಗೆ ಅವು ಕೆಲಸ ಮಾಡಿಕೊಂಡು ಹೋದವು. ನನ್ನ ಕೈ ನನಗಿಂತ ಧೈರ್ಯವಂತೆ ಅಂತ ಗೊತ್ತಾದದ್ದು ಆವತ್ತೇ. ಪಾಸಾದೆ. ಅಜ್ಜಿ ಊರಿಗೆಲ್ಲ ಕೊಬ್ಬರಿ ಸಕ್ಕರೆ ಹಂಚಿದಳು.

ಇಷ್ಟೆಲ್ಲ ಹೇಳಿಕೊಟ್ಟ ಮಿಸ್ ಸ್ವತಃ ಸೀನಿಯರ್ ಪಾಸಾಗಿರಲಿಲ್ಲ ಎಂಬುದು ನಮಗೆ ತಿಳಿದದ್ದು ಇನ್‌ಸ್ಪೆಕ್ಟರು ಬಂದ ದಿನ. ಇನ್‌ಸ್ಟಿಟ್ಯೂಟಿನ ಕಾಗದದಲ್ಲಿ ಪಾಠ ಹೇಳುವವರೆಂದು ಇದ್ದದ್ದು ಅವರ ಗಂಡನ ಹೆಸರು. ಅವರನ್ನು ನಾವು ಸಾರ್ ಎನ್ನುತ್ತಿದ್ದೆವು. ಸಾರ್ ಹಿಂದೆ ಒಳ್ಳೇ ಟೈಪಿಸ್ಟು, ಮದುವೆಗೆ ಮುಂಚೆಯೇ ಮಿಸ್ಸಿಗೆ ಕಲಿಸಿದವರೂ ಅವರೇ. ಆದರೆ ಸಂಧಿವಾತ ಬಂದು ಬೆರಳುಗಳು ಸೊಟ್ಟಗಾಗಿ, ಈಗ ಬಾಗಿಲ ಹತ್ತಿರದ ಮೇಜಿನಲ್ಲಿ ಪೇಪರ್ ಓದುತ್ತ, ಬಂದವರನ್ನು ಸೇರಿಸಿಕೊಳ್ಳುತ್ತ ಕೂತಿರುತ್ತಿದ್ದರು. ಮಾತು ಕಡಿಮೆ.

ಇನ್‌ಸ್ಪೆಕ್ಟರು ಕೇಳಿದರು, "ಪಾಠ ಹೇಳ್ಕೊಡೋರು ಯಾರು?"

"ನಾನೇ," ಅಂದರು ಸಾರ್.

"ಎಲ್ಲಿ, ಒಂದು ಸಾಲು ಹೊಡೀರಿ ನೋಡೋಣ."

ಸಾರ್ ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತಿದರು. ನಾವೆಲ್ಲ ತಲೆ ತಗ್ಗಿಸಿದೆವು. ಇನ್‌ಸ್ಪೆಕ್ಟರು ಕೆಟ್ಟವರಲ್ಲ. ಮಿಸ್ ಕೊಟ್ಟ ಕಾಫಿ ಕುಡಿದು ಮೆಲ್ಲಗೆ ಹೇಳಿದರು, "ನೋಡಿ ಸಾರ್, ಇಲ್ಲಿ ಯಾರು ಹೇಳ್ಕೊಡ್ತಾರೆ ಅಂತ ನಂಗೂ ಗೊತ್ತಾಗುತ್ತೆ. ಈ ಸಲದ ಪರೀಕ್ಷೇಲಿ ಮೇಡಂ ಸೀನಿಯರ್ ಪಾಸ್ ಮಾಡ್ಕೊಂಡ್ರೆ ಅವರ ಹೆಸರೇ ಬರ್ಕೊಂಡು ಹೋಗ್ತೀನಿ. ಇಲ್ಲಾಂದ್ರೆ ನಾನೇನೂ ಮಾಡೋಕಾಗಲ್ಲ, ಬಾಗಿಲು ಹಾಕ್ಬೇಕಾಗುತ್ತೆ."

ಅವರು ಮೆಟ್ಟಿಲಿಳಿದು ಹೋದ ಮೇಲೆ ಮಿಸ್ ಲಟ್ಟಣಿಗೆಯನ್ನು ಮೇಜಿನ ಮೇಲಿಟ್ಟು, "ಈ ಬ್ಯಾಚು ಮುಗಿಸಿ ಮುಚ್ಚಿಬಿಡೋಣ ಕಣ್ರೇ," ಅಂದರು. ಗಿರಣಿಯ ಮೇಲಿನ ಆ ಹಜಾರವೇ ಅವರಿಬ್ಬರ ಅನ್ನ. ಮುಚ್ಚಿದರೆ ಸಾರ್‌ಗೆ ಬೇರೆ ಕೆಲಸವಿಲ್ಲ, ಪಿಂಚಣಿಯಿಲ್ಲ. ಅದು ನಮಗೂ ಗೊತ್ತಿತ್ತು.

ಆಗ ಅವರ ಕತೆ ಹೊರಬಂತು. ಮದುವೆಗೆ ಮುಂಚೆ ಒಂದು ಸಲ ಸೀನಿಯರ್ ಪರೀಕ್ಷೆಗೆ ಕೂತಿದ್ದರಂತೆ. ‘ಸ್ಟಾರ್ಟ್’ ಅಂದರಂತೆ, ಹಾಲಿನ ಅಷ್ಟೂ ಮೆಷಿನ್ನು ಒಟ್ಟಿಗೆ ಶುರುವಾದವಂತೆ, ಇವರು ಎದ್ದು ಹೊರಗೆ ನಡೆದೇಬಿಟ್ಟರಂತೆ, ಚಪ್ಪಲಿಯನ್ನೂ ಅಲ್ಲೇ ಬಿಟ್ಟು. ಮದುವೆಯಾದ ಮೇಲೆ ಸಾರ್ ಹೇಳಿದರೆಂದು ಮತ್ತೆ ಹೋದರಂತೆ. ಆ ಸಲ ಗೇಟಿನವರೆಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸ್ಸು. "ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ನಾನೇ ಅದು," ಎಂದು ನಕ್ಕರು. ಕಣ್ಣಲ್ಲಿ ನೀರಿತ್ತು. ಭಯದ ಅಡ್ರೆಸ್ಸೆಲ್ಲ ಅವರಿಗೆ ಹೇಗೆ ಅಷ್ಟು ಚೆನ್ನಾಗಿ ಗೊತ್ತಿತ್ತು ಎಂದು ನನಗೆ ಆಗ ಅರ್ಥವಾಯಿತು. ನನಗೆ ಅವರ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಅಪ್ಪಿಕೊಂಡುಬಿಡಬೇಕು ಅನ್ನಿಸಿತು.

ವಿಮಲ ಕೇಳಿದಳು, "ಮಿಸ್, ನಿಮಗೆ ಭಯ ಎಲ್ಲಿ ಬರುತ್ತೆ?"

ಮಿಸ್ ಬಗ್ಗಿ ತಮ್ಮ ಪಾದ ನೋಡಿಕೊಂಡರು. "ಕಾಲಲ್ಲಿ ಕಣೆ. ಕೈಗೇನೂ ಆಗಲ್ಲ. ಕಾಲು ನನ್ನ ಕೇಳದೆ ಎದ್ದು ಹೊರಟುಬಿಡುತ್ತೆ."

ನಾನು ಲಟ್ಟಣಿಗೆ ಎತ್ತಿಕೊಂಡೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ ಕಾಣೆ. "ಹಾಗಾದ್ರೆ ಕಾಲಿಗೇ ಪಾಠ ಹೇಳೋಣ. ಕೂತ್ಕೊಳ್ಳಿ ಮಿಸ್. ಬೆನ್ನು ನೇರ."

ಎಲ್ಲರೂ ನಕ್ಕರು. ಮಿಸ್ ನನ್ನನ್ನು ದುರುಗುಟ್ಟಿ ನೋಡಿ, ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತರು.

ಅಂಥ ಕೆಟ್ಟ ವಿದ್ಯಾರ್ಥಿನಿಯನ್ನು ನಾನು ಆಮೇಲೂ ನೋಡಿಲ್ಲ. ವೇಗದಲ್ಲಿ ನಮ್ಮನ್ನೆಲ್ಲ ಹೂ ಎತ್ತಿದ ಹಾಗೆ ಎತ್ತಿ ಪಕ್ಕಕ್ಕಿಡುತ್ತಿದ್ದರು. ಆದರೆ ಗಾರ್ಡ್ ತಾತ ‘ಸ್ಟಾರ್ಟ್’ ಅಂದರೆ ಸಾಕು, ಎದ್ದು ಅಡುಗೆಮನೆಗೆ. ಕೇಳಿದರೆ ಸಾರು ತಳ ಹಿಡಿಯಿತು ಅನ್ನುವರು. ಒಲೆಯೇ ಹಚ್ಚಿರುತ್ತಿರಲಿಲ್ಲ. ಆಗ ಗಾರ್ಡ್ ತಾತ ಒಂದು ಉಪಾಯ ಹೇಳಿದರು. "ನೋಡಮ್ಮ, ಪರೀಕ್ಷೆ ಹಾಲಲ್ಲಿ ಮಾತ್ರ ಕೂತ್ಕೋ ಅಂದ್ರೆ ನಿನ್ನ ಕಾಲು ಕೇಳಲ್ಲ. ಸೀಟಿ ಎಲ್ಲಿ ಕೇಳಿದ್ರೂ ಅಲ್ಲೇ ಕೂತುಬಿಡಬೇಕು. ಅಭ್ಯಾಸ ಆಗೋಗ್ಲಿ."

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಹೊಟ್ಟೆ ಹಿಡಿದುಕೊಳ್ಳುತ್ತೇನೆ. ತಾತ ಕಾಂಪೌಂಡಿನ ಆ ಕಡೆಯಿಂದ ‘ಸ್ಟಾರ್ಟ್’ ಎಂದು ಸೀಟಿ ಊದಿದರೆ, ಬಟ್ಟೆ ಒಣಗಹಾಕುತ್ತಿದ್ದ ಮಿಸ್ ಒದ್ದೆ ಸೀರೆಯನ್ನು ಹಿಡಿದುಕೊಂಡೇ ನೆಲದ ಮೇಲೆ ಕೂರುವರು. ತುಳಸಿಗೆ ನೀರು ಹಾಕುತ್ತಿದ್ದವರು ಕಟ್ಟೆಯ ಮೇಲೆ ಕೂರುವರು. ಒಂದು ದಿನ ಗಿರಣಿಯಲ್ಲಿ ರಾಗಿ ಬೀಸಿಸುವಾಗ ವಿಮಲ ಹಿಂದಿನಿಂದ ಬಂದು ‘ಸ್ಟಾರ್ಟ್’ ಅಂದಳು. ಮಿಸ್ ಯಾರದೋ ಗೋಧಿಹಿಟ್ಟಿನ ಚೀಲದ ಮೇಲೆ ಕೂತು, ಎದ್ದಾಗ ಹಿಂದಿನಿಂದ ಪೂರ್ತಿ ಬೆಳ್ಳಗಾಗಿದ್ದರು. ಗಿರಣಿಯವನಿಗೂ ರುಚಿ ಹತ್ತಿ, ಮೋಟರ್ ಹಾಕುವಾಗಲೆಲ್ಲ, "ಮಿಸ್, ಸ್ಟಾರ್ಟ್," ಎಂದು ಮಹಡಿಗೆ ಕೂಗುತ್ತಿದ್ದ. ಮಾರ್ಕೆಟ್ಟಿನಲ್ಲಿ ಸೊಪ್ಪಿನವಳು ತನ್ನ ಗೋಣಿತಾಟಿನಲ್ಲಿ ಜಾಗ ಬಿಟ್ಟುಕೊಡುತ್ತಿದ್ದಳು. "ನಮ್ಮ ಮಿಸ್ಸಿಗೆ ಪರೀಕ್ಷೆ ಐತೆ, ಅದಕ್ಕೇ ಕುಂತವ್ರೆ," ಎಂದು ಗಿರಾಕಿಗಳಿಗೆ ಹೇಳುತ್ತಿದ್ದಳು. ಮಿಸ್ ಮೊದಮೊದಲು ನಾಚಿಕೊಂಡರು, ಬೈದರು, ಕೊನೆಗೆ ಅವರೇ ನಗುತ್ತ ಕೂರತೊಡಗಿದರು. ನಿಶ್ಚಿತಾರ್ಥದ ದಿನ, ಆ ಸಲ ಸೀನಿಯರ್‌ಗೇ ಕಟ್ಟಿದ್ದ ನನ್ನ ಮತ್ತು ವಿಮಲಳ ಜೊತೆ, ಪೂರ್ತಿ ಹೊತ್ತು ಕುರ್ಚಿಯಲ್ಲಿ ಕೂತಿದ್ದರು. ಗಾರ್ಡ್ ತಾತ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡರು.

ಪರೀಕ್ಷೆಯ ಹಿಂದಿನ ಸಂಜೆ ಯಾರೂ ಮೆಷಿನ್ ಮುಟ್ಟಬಾರದು ಎಂಬುದು ಮಿಸ್ ಮಾಡಿದ ಕಾನೂನು. ಅದು ಅವರೆಕಾಯಿಯ ಕಾಲ. ಹಾಗಾಗಿ ಹಿಂದಿನ ಸಂಜೆ ಎಲ್ಲರೂ ಅವರ ಹಜಾರದಲ್ಲಿ ನೆನೆಹಾಕಿದ ಅವರೆಕಾಳಿನ ಸುತ್ತ ಕೂತು ಹಿದುಕಬೇಕು. ಹೆಬ್ಬೆರಳು ತೋರುಬೆರಳಿನ ನಡುವೆ ಕಾಳು ಒತ್ತಿದರೆ ಬೇಳೆ ಪುಳಕ್ಕನೆ ಹೊರಗೆ. ಬೆರಳು ಸಡಿಲವಾಗುತ್ತದೆ, ಬಾಯಿಗೆ ಮಾತು ಸಿಗುತ್ತದೆ, ರಾತ್ರಿಗೆ ಹಿದುಕಿದ ಬೇಳೆ ಸಾರು ಸಿಗುತ್ತದೆ. ಆ ಸಂಜೆ ಮಿಸ್ ನಡುನಡುವೆ ಎದ್ದು ಮೆಷಿನ್ನಿನ ಕಡೆ ಕಳ್ಳಹೆಜ್ಜೆ ಹಾಕುತ್ತಿದ್ದರು, ನಾವು ಸೆರಗು ಹಿಡಿದು ಎಳೆದು ಕೂರಿಸುತ್ತಿದ್ದೆವು. ಸಾರ್ ಕೂಡ ಬಂದು ಕೂತರು. ಅವರ ಸೊಟ್ಟ ಬೆರಳಿನಿಂದ ಹಾರಿದ ಬೇಳೆ ಹೋಗಿ ಗಾರ್ಡ್ ತಾತನ ಕನ್ನಡಕಕ್ಕೆ ಬಡಿಯಿತು. ಸಾರ್ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಗೆಲ್ಲ ಟೈಪಿಂಗ್ ಪರೀಕ್ಷೆಗೆ ಮೆಷಿನ್ನನ್ನು ನಾವೇ ಒಯ್ಯಬೇಕಿತ್ತು. ಬೆಳಗ್ಗೆ ತಳ್ಳುಗಾಡಿ ಬಂತು. ಗೋಣಿಚೀಲ ಹಾಸಿ ಅದರ ಮೇಲೆ ಸುಂದರಿ, ಮೊಂಡ, ಗೊರಕೆ ಎಲ್ಲರನ್ನೂ ಸಾಲಾಗಿ ಕೂರಿಸಿದೆವು. ಒಳ್ಳೆಯವನ್ನೆಲ್ಲ ಹುಡುಗಿಯರಿಗೆ ಕೊಟ್ಟು ಮಿಸ್ ಗೊರಕೆಯನ್ನೇ ಇಟ್ಟುಕೊಂಡಿದ್ದರು. ಗಾಡಿ ಹೊರಡಬೇಕು ಅನ್ನುವಾಗ ನಮ್ಮಜ್ಜಿ ಮಡಿಸೀರೆಯಲ್ಲಿ ಪ್ರತ್ಯಕ್ಷಳಾದಳು, ಕೈಯಲ್ಲಿ ಮಠದಿಂದ ತಂದ ಮಂತ್ರಾಕ್ಷತೆಯ ಪೊಟ್ಟಣ. ನಮ್ಮ ತಲೆಗಳ ಮೇಲೆ ಹಾಕಿದಳು. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಪಾಪ, ಪರೀಕ್ಷೆ ಬರೆಯೋದು ಇವಲ್ಲವೇ," ಎಂದು ಒಂದೊಂದು ಮೆಷಿನ್ನಿನ ಹೊಟ್ಟೆಗೂ ಹಿಡಿ ಹಿಡಿಯಾಗಿ ಅಕ್ಷತೆ ಸುರಿದಳು. ಬೇರೆ ದಿನವಾಗಿದ್ದರೆ ಮೆಷಿನ್ನಿನೊಳಗೆ ಕೂದಲೆಳೆ ಬಿದ್ದರೂ ಮಿಸ್ ಕೂಗಾಡುತ್ತಿದ್ದರು. ಆವತ್ತು ಅವರೇ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದರು.

ಪರೀಕ್ಷೆಯ ಹಾಲಿನಲ್ಲಿ ಮೆಷಿನ್ನುಗಳನ್ನು ಇಳಿಸಿ, ಬೋರಲು ಮಾಡಿ, ತಟ್ಟಿ, ಊದಿ, ಅಕ್ಷತೆ ಉದುರಿಸುವುದರಲ್ಲಿ ಸಾಕುಸಾಕಾಯಿತು. ಎಲ್ಲವೂ ಬಂತು ಅಂದುಕೊಂಡೆವು. ನನ್ನ ಮುಂದಿನ ಮೇಜು ಮಿಸ್ಸಿನದು. ಅವರು ಚಪ್ಪಲಿ ಬಿಟ್ಟಿದ್ದರು. ಬರಿಗಾಲು ನನಗೆ ಕಾಣುತ್ತಿತ್ತು. ಮೇಲ್ವಿಚಾರಕರು ಗಡಿಯಾರ ನೋಡಿ ‘ಸ್ಟಾರ್ಟ್’ ಅಂದರು. ಹಿಮ್ಮಡಿ ಮೇಲೆದ್ದಿತು. ಹಿಮ್ಮಡಿ ಮತ್ತೆ ನೆಲಕ್ಕೆ ಬಂತು, ಗೊರಕೆ ಓಡತೊಡಗಿತು. ನಾನೂ ನನ್ನ ಕೆಲಸಕ್ಕೆ ಬಿದ್ದೆ.

ಅರ್ಧ ಪುಟ ಆಗಿರಬೇಕು, ಮುಂದಿನ ಸದ್ದು ನಿಂತುಹೋಯಿತು. ಅಷ್ಟು ಮೆಷಿನ್ನುಗಳ ನಡುವೆಯೂ ಗೊರಕೆಯ ದನಿ ನನಗೆ ಗೊತ್ತು. ಸಾಲು ಬದಲಿಸುವಾಗ ಕಣ್ಣು ಹಾಯಿಸಿದೆ. ಅಕ್ಷರದ ಕಡ್ಡಿಯೊಂದು ಎದ್ದು ಅರ್ಧದಲ್ಲೇ ಸಿಕ್ಕಿಕೊಂಡಿತ್ತು. ಮಿಸ್ಸಿನ ಎರಡೂ ಪಾದಗಳು ಬಾಗಿಲ ಕಡೆ ತಿರುಗಿದ್ದವು. ಹೋಯಿತು, ಇನ್‌ಸ್ಟಿಟ್ಯೂಟು ಹೋಯಿತು, ನಮ್ಮಜ್ಜಿಯ ಕೈಯಾರೆ ಹೋಯಿತು ಅಂದುಕೊಂಡೆ.

ಮಿಸ್ ಏಳಲಿಲ್ಲ. ಎಡಗೈ ಮೇಲೆ ಹೋಗಿ ತುರುಬಿನಿಂದ ಒಂದು ಹೇರ್‌ಪಿನ್ನು ಎಳೆಯಿತು. ಶನಿವಾರ ಶನಿವಾರ ಮಾಡುತ್ತಿದ್ದ ಹಾಗೆಯೇ, ಅವಸರವಿಲ್ಲದೆ, ಕಡ್ಡಿಯ ಬುಡವನ್ನು ಕೆದಕಿದರು. ಅರಿಶಿನ ಹಚ್ಚಿದ ಒಂದು ಅಕ್ಕಿಕಾಳು ಹೊರಬಂತು. ಮಂತ್ರಾಕ್ಷತೆ, ಕೆಳಗೆ ಹಾಕುವಂತಿಲ್ಲ. ಅದನ್ನು ಕಣ್ಣಿಗೊತ್ತಿಕೊಂಡು, ತಲೆಯ ಮೇಲೆ ಇಟ್ಟುಕೊಂಡು, ಹೇರ್‌ಪಿನ್ನನ್ನು ತುರುಬಿಗೆ ಸಿಕ್ಕಿಸಿ, ಬಿಟ್ಟ ಅಕ್ಷರದಿಂದ ಮುಂದುವರಿಸಿದರು. ಮೇಲ್ವಿಚಾರಕರು ಬಾಯಿ ತೆರೆದು ನೋಡುತ್ತ ನಿಂತಿದ್ದರು. ನಾನು ಕಣ್ಣನ್ನು ನನ್ನ ಕಾಗದಕ್ಕೆ ತಂದೆ. ನಗುವೋ ಅಳುವೋ ಉಕ್ಕಿ ಬಂದಿತ್ತು. ಅದನ್ನೂ ಒಂದು ಕಡೆ ಕೂರಿಸಿ ಬೆರಳಿಗೆ ಕೆಲಸ ಕೊಟ್ಟೆ.

ಹೊರಗೆ ಬಂದಾಗ ಮಿಸ್ ಕೇಳಿದ್ದು ಒಂದೇ. "ಲೇ, ನನ್ನ ಕಾಲು ನೋಡಿದ್ಯಾ?"

"ಇದ್ದಲ್ಲೇ ಇದ್ವು ಮಿಸ್," ಅಂದೆ. ಅವರು ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತು, ತಮ್ಮ ಪಾದಗಳನ್ನು ತಾವೇ ಮುಟ್ಟಿ ನಮಸ್ಕಾರ ಮಾಡಿಕೊಂಡರು. ಅಕ್ಷತೆಯಿಂದಲೇ ಎಲ್ಲ ಸುಸೂತ್ರವಾಯಿತು ಎಂದು ನಮ್ಮಜ್ಜಿ ಸಾಯುವವರೆಗೆ ಹೇಳಿಕೊಂಡು ತಿರುಗಿದಳು. ನಾವು ಯಾರೂ ಅವಳಿಗೆ ನಿಜ ಹೇಳಲಿಲ್ಲ.

ಫಲಿತಾಂಶವನ್ನು ಪರೀಕ್ಷೆ ನಡೆದ ಶಾಲೆಯ ಗೋಡೆಗೆ ಅಂಟಿಸುತ್ತಿದ್ದರು. ವಿಮಲ ಮತ್ತು ನಾನು ಹೋದೆವು. ಮಿಸ್ ಬರಲಿಲ್ಲ, ಕ್ಲಾಸಿದೆ ಅಂದರು. ವಿಮಲ ಪಾಸು, ನಾನು ಪಾಸು. ನನ್ನ ಹಿಂದಿನ ನಂಬರಿನ ಎದುರಿಗೂ ಪಾಸು ಎಂದಿತ್ತು, ಅದರ ಪಕ್ಕದಲ್ಲಿ ಯಾವುದೋ ಹುಡುಗಿಯ ಹೆಸರು.

"ಇದ್ಯಾರೇ?" ಅಂದಳು ವಿಮಲ.

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಆ ನಂಬರು ನನ್ನ ಮುಂದೆ ಕೂತಿದ್ದ ಮಿಸ್ಸಿನದು. ಆ ಹೆಸರನ್ನು ನಾವು ಎಂದೂ ಕೇಳಿರಲಿಲ್ಲ. ಊರಿಗೆಲ್ಲ ಅವರು ಮಿಸ್. ಸಾರ್ ಕರೆಯುತ್ತಿದ್ದುದು ‘ಇವಳೇ’ ಎಂದು. ಆ ಕಾಲದ ಗಂಡಸರು ಹೆಂಡತಿಯ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಕರೆದರೆ ಜನ ನಗುತ್ತಿದ್ದರು. ಇಷ್ಟು ವರ್ಷ ನಮಗೆ ಕೈಹಿಡಿದು ಕಲಿಸಿದವರ ಹೆಸರೇನು ಅಂತ ನಾವು ಯಾರೂ ಕೇಳಿರಲೇ ಇಲ್ಲ. ಎಂಥ ಚೆಂದದ ಹೆಸರು ಅದು. ಅದನ್ನು ದಾರಿಯುದ್ದಕ್ಕೂ ಬಾಯಲ್ಲಿ ಹೇಳಿಕೊಳ್ಳುತ್ತ ಜಯನಗರಕ್ಕೆ ಓಡಿಬಂದೆವು.

ಮಹಡಿಯಲ್ಲಿ ಸಾರ್ ಮೇಜಿನ ಮುಂದೆ ಯಾರೋ ತಂದೆ ಮಗಳನ್ನು ಸೇರಿಸಲು ಕರೆತಂದಿದ್ದರು. ಒಳಗೆ ಲಟ್ಟಣಿಗೆಯ ತಾಳ, ಕೆಳಗೆ ಗಿರಣಿ. ನಾವು ಏದುಸಿರು ಬಿಡುತ್ತ ಸಾರ್ ಕಿವಿಯ ಹತ್ತಿರ ಬಗ್ಗಿ, ಆ ಹೆಸರು ಹೇಳಿ, "ಪಾಸು ಸಾರ್," ಅಂದೆವು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸಾರ್, ಇಲ್ಲಿ ಹೇಳ್ಕೊಡೋರು ಯಾರು?" ಎಂದು ಆ ತಂದೆ ಕೇಳಿದರು.

ಸಾರ್ ಎದ್ದು ನಿಂತರು. ಹಜಾರದ ಕಡೆ ತಿರುಗಿ ಮಿಸ್ಸಿನ ಹೆಸರು ಹಿಡಿದು ಕರೆದರು, ಗಿರಣಿಯ ಸದ್ದನ್ನೂ ಮೀರಿ ಕೇಳುವಷ್ಟು ಜೋರಾಗಿ. ಒಳಗೆ ತಾಳ ನಿಂತಿತು. ಒಂದೊಂದಾಗಿ ಮೆಷಿನ್ನುಗಳೂ ನಿಂತವು. ಮಿಸ್ ಸೆರಗು ಸರಿಮಾಡಿಕೊಳ್ಳುತ್ತ ಬಾಗಿಲಿಗೆ ಬಂದರು. ಮುಖವೆಲ್ಲ ಕೆಂಪಾಗಿತ್ತು.

ಸಾರ್ ಆ ತಂದೆಗೆ ಹೇಳಿದರು, "ಇವರೇ ನೋಡಿ. ಸೀನಿಯರ್ ಪಾಸಾಗಿದ್ದಾರೆ."

ಮಿಸ್ ನಮ್ಮನ್ನು ನೋಡಿದರು. ನಾವು ಹೌದೆಂದು ತಲೆಯಾಡಿಸಿದೆವು. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು, ಅಳುತ್ತ ನಗುತ್ತ, ಗಂಡನಿಗೆ ಮೆಲ್ಲಗೆ ಅಂದರು:

"ರೀ, ಇನ್ನೊಂದ್ಸಲ ಕರೀರಿ."

ಸಾರ್ ಇನ್ನೊಂದು ಸಲ ಕರೆದರು.